ಕಪ್ಪುಡುಗೆಯ ನಾಯಕಿ

ಹ್ಯಾರಿ ಪಾಟರನ ಲೋಕವನ್ನೇ ರಂಗಭೂಮಿಯಾಗಿಸಿಕೊಂಡು 2006ರಿಂದ ಕಂತುಕಂತಾಗಿ ಹೊರಬಂದ ‘ಮೈ ಇಮ್ಮಾರ್ಟಲ್’ ಎಂಬ ಹವ್ಯಾಸಿ ಕಥೆಯನ್ನು (ಅದು ಬುದ್ಧಿಪೂರ್ವಕವಾದ ವಿಡಂಬನೆಯೆಂದು ಶಂಕಿಸುವವರೂ ಉಂಟು), ಅದರ ಕಾಗುಣಿತದೋಷಗಳಿಗಾಗಿಯೂ, ಕಪ್ಪುಡುಗೆ ತೊಟ್ಟು ‘ಮೈ ಕೆಮಿಕಲ್ ರೊಮ್ಯಾನ್ಸ್’ ತಂಡದ ಹಾಡುಗಳಲ್ಲಿ ಮೈಮರೆಯುವ ಎಬನಿಯೆಂಬ ರಕ್ತಪಿಶಾಚಿ ನಾಯಕಿಗಾಗಿಯೂ ಓದುಗರು ಪರಿಹಾಸ್ಯ ಮಾಡಿದರು. ಆ ನಗೆ ನನಗೆ ಸಮ್ಮತವಲ್ಲ. ತನ್ನ ವಿಷಾದಕ್ಕೆ ಇನ್ನೂ ಸ್ವಂತ ಭಾಷೆ ದೊರೆಯದ ಹರೆಯದ ಜೀವವು ಕಾಡಿಗೆ, ಕರಿಯುಡುಗೆ, ಶ್ಮಶಾನಗಳೆಂಬ ಸಿದ್ಧಸಾಮಗ್ರಿಯಿಂದಲೇ ತನ್ನ ಪ್ರತಿಮೆಯನ್ನು ಕಡೆದುಕೊಳ್ಳುವುದು ಸಹಜವೇ ಸರಿ. 1816ರ ಮಳೆಹಿಡಿದ ಬೇಸಗೆಯಲ್ಲಿ, ಜಿನೀವಾ ಸರೋವರದ ತೀರದಲ್ಲಿ, ಬೈರನ್ ಕವಿಯು ಒಡ್ಡಿದ ಭೂತಕಥೆಯ ಪಂಥಕ್ಕೆ ಓಗೊಟ್ಟು ‘ಫ್ರಾಂಕನ್‌ಸ್ಟೈನ್’ ಕೃತಿಯನ್ನು ಆರಂಭಿಸಿದ ಮೇರಿಯಾದರೂ ಕಾದಂಬರಿಯೊಂದನ್ನೂ ಪ್ರಕಟಿಸಿರದ, 18 ವರ್ಷದ ತರುಣಿಯಾಗಿದ್ದಳು. ಆದುದರಿಂದ ಓದುಗರೇ, ಇಂತಹ ಕಥೆ ಕೈಸೇರಿದಾಗ ಕಾಗುಣಿತವನ್ನು ಆಮೇಲೆ ತಿದ್ದಿರಿ. ಮೊದಲು ಅದನ್ನು ಕೊನೆಯವರೆಗೂ ಓದಿರಿ.