ಮಾವನ ಮಣಿಕಟ್ಟು

ನಂಜನಗೂಡಿನವನೆಂದರೆ ಜನ ರಸಬಾಳೆಯ ಮಾತೆತ್ತುತ್ತಾರೆ, ಇಲ್ಲವೇ ಹಲ್ಲುಪುಡಿಯ ಮಾತು. ಆ ಊರಿನಿಂದ ನಾನು ವಿಮಾನ ಹಾರಿಸುವುದನ್ನು ಕಲಿಯಲು ಹೋದವನೆಂದರೆ ನಂಬುವವರು ಕಡಿಮೆ. ಕಲಿತದ್ದೂ ಅಷ್ಟಕ್ಕಷ್ಟೇ ಎನ್ನಿ. ಆದರೆ ಇಂಜಿನ್ನನ್ನು ಕೈಯಿಂದ ಚಾಲೂ ಮಾಡುವ ಪಾಠ ಮಾತ್ರ ನನಗೆ ಬಹಳ ಮೊದಲೇ, ಟಿ. ನರಸೀಪುರದ ಹೊಳೆಯಂಚಿನಲ್ಲಿ, ಸೋದರಮಾವನ ಡೀಸೆಲ್ ಪಂಪಿನ ಮುಂದೆ ಆಗಿತ್ತು.

ಬೇಸಿಗೆ ರಜ ಬಂತೆಂದರೆ ಮಾವನ ಮನೆ. ನಮ್ಮೂರನ್ನು ಬಿಟ್ಟ ಕಪಿಲೆ ಅಲ್ಲಿಗೆ ಹೋಗಿ ಕಾವೇರಿಯನ್ನು ಕೂಡುತ್ತಾಳೆ. ನಾನೂ ಅವಳ ಹಿಂದೆಯೇ ಬಸ್ಸು ಹತ್ತುತ್ತಿದ್ದೆ. ಪಂಪಿನ ಹ್ಯಾಂಡಲು ತಿರುಗಿಸುವುದು ಮಾವನ ಕೆಲಸ. ಇಂಜಿನ್ನಿನ ತಲೆಯ ಮೇಲೆ, ವಾಲ್ವನ್ನು ಎತ್ತಿ ಹಿಡಿಯುವ ಪುಟ್ಟ ಲಿವರೊಂದಿತ್ತು. ಅದು ನನ್ನ ಕೆಲಸ. ಅದನ್ನು ಎತ್ತಿದ್ದರೆ ಒಳಗಿನ ಗಾಳಿ ಒತ್ತಿಕೊಳ್ಳದೆ ಹೊರಹೋಗುತ್ತದೆ, ಚಕ್ರ ಹಗುರವಾಗಿ ತಿರುಗುತ್ತದೆ. ವೇಗ ಸಾಕೆನಿಸಿದಾಗ ಮಾವ "ಬಿಡು" ಎನ್ನುತ್ತಿದ್ದರು. ನಾನು ಬಿಟ್ಟರೆ ಇಂಜಿನ್ನು ಭುಗಭುಗ ಎಂದು ಎದ್ದು, ನೀರು ಕಾಲುವೆಗೆ ಧುಮುಕುತ್ತಿತ್ತು.

ನನಗೆ 11 ವರ್ಷವಾಗಿದ್ದಾಗ, ಒಂದು ಬೆಳಿಗ್ಗೆ, ಅವರು "ಬಿಡು" ಎನ್ನುವ ಮೊದಲೇ ಬಿಟ್ಟೆ. ಮಿಂಚುಳ್ಳಿಯೊಂದು ನೀರಿಗೆ ಎರಗಿತ್ತು. ಕಣ್ಣು ಅತ್ತ ಹೋಗಿತ್ತು. ವೇಗ ಸಾಲದ ಇಂಜಿನ್ನು ಹಿಂದಕ್ಕೆ ಒದೆಯಿತು. ಹ್ಯಾಂಡಲಿನ ಏಟಿಗೆ ಮಾವನ ಬಲಗೈ ಮಣಿಕಟ್ಟು ಮುರಿಯಿತು.

"ಕೈ ಜಾರಿತು ಕಣೇ" ಎಂದರು, ಮನೆಯಲ್ಲಿ. ಎಣ್ಣೆಗೈಯಲ್ಲಿ ಹ್ಯಾಂಡಲು ಹಿಡಿದದ್ದಕ್ಕೆ ಅತ್ತೆ ಅವರನ್ನೇ ಬೈದರು. ನಾನು ಬಾಯಿ ಬಿಡಲಿಲ್ಲ. ಮೂಳೆ ಕೂಡಿತು, ಓರೆಯಾಗಿ. ಪಂಕ್ತಿಯಲ್ಲಿ ಎದುರು ಕೂತಾಗಲೆಲ್ಲ ಆ ಕೈ ಕಲಸುವುದನ್ನು ನೋಡಲಾರದೆ ನಾನು ಎಲೆಯನ್ನೇ ನೋಡುತ್ತಿದ್ದೆ.

1970ರ ದಶಕದಲ್ಲಿ ಬೆಂಗಳೂರಿಗೆ ಹೋಗಿ ಪುಷ್ಪಕ ವಿಮಾನ ಹತ್ತಿದೆ. ರಾವಣನದ್ದಲ್ಲ; ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ್ದು. ಎರಡು ಸೀಟು, ಬಟ್ಟೆ ಹೊದಿಸಿದ ಮೈ, 90 ಅಶ್ವಶಕ್ತಿ. ಗುಂಡಿ ಒತ್ತಿದರೆ ಏಳುವ ಇಂಜಿನ್ನಲ್ಲ. ಒಬ್ಬರು ಮುಂದೆ ನಿಂತು ಪ್ರೊಪೆಲರನ್ನೇ ಕೈಯಿಂದ ಎಳೆಯಬೇಕು. ಹೊರಗಿನವರು "ಸ್ವಿಚ್ ಆಫ್?" ಎಂದು ಕೂಗುತ್ತಾರೆ, ಒಳಗಿನವನು ನೋಡಿ "ಆಫ್" ಎನ್ನಬೇಕು. ಆಮೇಲೆ ಅವರು ಪ್ರೊಪೆಲರನ್ನು ನಾಲ್ಕಾರು ಸಲ ತಿರುಗಿಸಿ ಇಂಜಿನ್ನಿಗೆ ಪೆಟ್ರೋಲು ಕುಡಿಸುತ್ತಾರೆ. "ಕಾಂಟ್ಯಾಕ್ಟ್" ಎಂದಾಗ ಸ್ವಿಚ್ ಹಾಕಬೇಕು. ಅವರು ಬೆರಳು ಮಡಿಸದೆ ಅಂಗೈಯಿಂದಲೇ ಅಲಗನ್ನು ಕೆಳಕ್ಕೆಳೆದು, ಅದೇ ಬೀಸಿನಲ್ಲಿ ಹಿಂದೆ ಸರಿಯುತ್ತಾರೆ. ಕಿಡಿ ಹುಟ್ಟಿಸುವ ಮ್ಯಾಗ್ನೆಟೋಗೆ ಬ್ಯಾಟರಿ ಬೇಡ, ತಿರುಗಿದರೆ ಸಾಕು. ಸ್ವಿಚ್ ಆರಿಸುವುದೆಂದರೆ ತಂತಿಯ ಮೂಲಕ ಆ ವಿದ್ಯುತ್ತನ್ನು ಇಂಜಿನ್ನಿನ ಮೈಗೆ ಇಳಿಸಿಬಿಡುವುದು. ತಂತಿ ತುಂಡಾಗಿದ್ದರೆ "ಆಫ್" ಎಂದವನ ಮಾತೂ ಸುಳ್ಳು; ಬಲ್ಲವರು "ಆಫ್" ಕೇಳಿಸಿದ ಮೇಲೂ ಅಲಗಿನ ದಾರಿಯಲ್ಲಿ ತಲೆಯಿಡುವುದಿಲ್ಲ. ಆ ಒಂದು ಮಾತು ಹೇಳಲು ನಾನು ತೆಗೆದುಕೊಳ್ಳುತ್ತಿದ್ದ ಹೊತ್ತನ್ನು ಕಂಡು ಜೊತೆಯವರು ನಗುತ್ತಿದ್ದರು.

ಒಮ್ಮೆ ಶಿಕ್ಷಕರೊಡನೆ ಮಂಡಕಳ್ಳಿಗೆ ಹಾರಿ ಬಂದೆ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ, 1940ರಲ್ಲಿ ಆದ ನಿಲ್ದಾಣ ಅದು. ಕಾಗದ ಬರೆದಿದ್ದೆ, ಮಾವ ಬಂದು ಬೇಲಿಯ ಹತ್ತಿರ ನಿಂತಿದ್ದರು.

"ಇದಕ್ಕೂ ಹ್ಯಾಂಡಲು ಇದೆಯೇನೋ?"

"ಇಲ್ಲ ಮಾವ, ಮುಂದಿನ ಫ್ಯಾನನ್ನೇ ಎಳೀಬೇಕು."

"ಎಳೆಯೋರು ಯಾರು?"

"ನಮ್ಮ ಮೇಷ್ಟ್ರು."

"ಒಳಗೆ ನೀನು."

"ಹೂಂ."

ಮಾವ ಶಿಕ್ಷಕರ ಕಡೆ ತಿರುಗಿ ಕೈಮುಗಿದರು. "ಸ್ವಾಮೀ, ಇವನಿಗೆ ಎರಡು ಸಲ ಹೇಳಿ. ಹಕ್ಕಿ ಕಂಡರೆ ಕೈ ಬಿಟ್ಟುಬಿಡ್ತಾನೆ."

ಶಿಕ್ಷಕರಿಗೆ ಅರ್ಥವಾಗಲಿಲ್ಲ, ನಕ್ಕರು. ನಾನು ಮಾತಿಲ್ಲದೆ ಒಳಗೆ ಹತ್ತಿ ಕೂತೆ. ಚಕ್ರಗಳಿಗೆ ಮರದ ಅಡ್ಡಗಟ್ಟೆ ಇಟ್ಟಾಯಿತು. "ಸ್ವಿಚ್ ಆಫ್?" ಎಂದು ಕೂಗು ಬಂತು. ಸ್ವಿಚ್ಚನ್ನು ಮುಟ್ಟಿ ನೋಡಿದೆ, ಇನ್ನೊಮ್ಮೆ ಮುಟ್ಟಿ ನೋಡಿದೆ, "ಆಫ್" ಎಂದೆ. ಬೇಲಿಯಾಚೆ ಮಾವ ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದರು.