ಹಲ್ಲು ನೋಡಿ ಕೊಂಡ ಗಾಡಿ

ತುಮಕೂರಿನ ಆ ಮನೆಯಲ್ಲಿ ಒಂದು ವಾರದಿಂದ ಊಟದ ಹೊತ್ತಿನ ಮಾತೆಲ್ಲ ಕಾರಿನದೇ. ಕಾರೆಂದರೆ ಮನೆಮಂದಿಯೆಲ್ಲ ಕೂತು ಧರ್ಮಸ್ಥಳಕ್ಕೆ ಹೋಗಿಬರುವ ಕಾರಲ್ಲ. ಒಂದು ಮೊಳದಷ್ಟು ಉದ್ದದ, ದೂರದಲ್ಲಿ ನಿಂತು ರೇಡಿಯೊ ಅಲೆಗಳಿಂದ ನಡೆಸುವ ನೈಟ್ರೊ ಬಗ್ಗಿ. ಬ್ಯಾಟರಿ ಆಟಿಕೆಯೆಂದು ಹಗುರವಾಗಿ ಕಂಡವರು ಅದರ ಸದ್ದು ಕೇಳಿದರೆ ಬೆಚ್ಚಬೇಕು. ಒಳಗಿರುವುದು 3.5 ಸಿ.ಸಿ.ಯ ನಿಜವಾದ ಟೂ ಸ್ಟ್ರೋಕ್ ಎಂಜಿನ್. ನಿಮಿಷಕ್ಕೆ 30,000 ಸುತ್ತು ಎಂದರೆ ಸೆಕೆಂಡಿಗೆ 500 ಸಲ ಇಂಧನ ಉರಿಯುತ್ತದೆ!

ಹುಡುಗ ಡಿಪ್ಲೊಮಾ ಮೆಕ್ಯಾನಿಕಲ್ ಎರಡನೆಯ ವರ್ಷ. ಇಂಜಿನಿಯರಿಂಗ್ ಕಾಲೇಜುಗಳ ಉತ್ಸವಗಳಲ್ಲಿ ಇಂಥ ಗಾಡಿಗಳ ಪಂದ್ಯ ನೋಡಿ ಬಂದವನು. ಎರಡು ಬೇಸಿಗೆ ರಜೆಗಳಲ್ಲಿ ಅಂಗಡಿಯೊಂದರಲ್ಲಿ ದುಡಿದು 14,000 ರೂಪಾಯಿ ಕೂಡಿಸಿದ್ದ. ಹೊಸ ಬಗ್ಗಿಗೆ ಅಂಗಡಿಯವರು ಹೇಳಿದ್ದು 42,000. ಬೆಂಗಳೂರಿನ ಯುವಕನೊಬ್ಬ ಮಾರುತ್ತೇನೆಂದ ಹಳೆಯದಕ್ಕೆ 16,000.

ಇಂಥಲ್ಲಿ ಮಗ ಹೊಸದು ಬೇಕೆಂದು ಹಟ ಹಿಡಿಯುವುದು, ಅಪ್ಪ ಹಳೆಯದೇ ಸಾಕೆನ್ನುವುದು ಲೋಕರೂಢಿ. ಈ ಮನೆಯಲ್ಲಿ ಅದು ತಲೆಕೆಳಗಾಗಿತ್ತು.

"ಹಳೇದು ಅಂದ್ರೆ ಇನ್ನೊಬ್ಬರ ತಲೆನೋವನ್ನ ದುಡ್ಡು ಕೊಟ್ಟು ತಂದ ಹಾಗೆ. ಉಳಿದ 28,000 ನಾನು ಕೊಡ್ತೀನಿ. ಹೊಸದೇ ತಗೋ" ಎಂದರು ಅಪ್ಪ.

ಸಹಕಾರಿ ಬ್ಯಾಂಕಿನ ಗುಮಾಸ್ತರಾದ ಅವರ ಬಳಿ ಅಷ್ಟು ಹಣವೇನೋ ಇತ್ತು. ಆದರೆ ಅದು ಅಡುಗೆಮನೆಯ ಸೋರುವ ತಾರಸಿಗೆಂದು ತೆಗೆದಿಟ್ಟದ್ದು. ಕಳೆದ ಮಳೆಗಾಲದಲ್ಲಿ ಅಮ್ಮ ಒಲೆಯ ಪಕ್ಕ ಬಕೆಟ್ ಇಟ್ಟುಕೊಂಡೇ ಅಡುಗೆ ಮಾಡಿದ್ದನ್ನು ಹುಡುಗ ಮರೆತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ ಅಪ್ಪನಿಗೆ ನೋವಾದೀತು. ಆದ್ದರಿಂದ "ಹಳೇದೇ ಚೆನ್ನಾಗಿದೆ ಅಪ್ಪ, ಬಿಚ್ಚಿ ಕಲಿಯೋದಕ್ಕೆ ಅನುಕೂಲ" ಎಂದು ಏನೇನೋ ಕಾರಣ ಹೇಳುತ್ತಿದ್ದ.

ಅಪ್ಪನ ಹಟಕ್ಕೂ ಕಾರಣವಿತ್ತು. ಅಣ್ಣಂದಿರ ಅಂಗಿ, ಯಾರದೋ ಹಳೆಯ ಸೈಕಲ್ಲು, ಮೇಲಿನ ತರಗತಿಯವರಿಂದ ಅರ್ಧ ಬೆಲೆಗೆ ತಂದ ಪಠ್ಯಪುಸ್ತಕ. ಅವರ ಬಾಲ್ಯವೆಲ್ಲ ಕಳೆದದ್ದು ಇನ್ನೊಬ್ಬರು ಬಳಸಿ ಬಿಟ್ಟ ವಸ್ತುಗಳಲ್ಲಿ. ಮಗನಿಗೆ ಮಾತ್ರ ಹಾಗಾಗಬಾರದೆಂದು ಎಂದೋ ನಿಶ್ಚಯಿಸಿಕೊಂಡಿದ್ದರು.

ಜಗಲಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ತಾತ ನಾಲ್ಕು ದಿನ ಸುಮ್ಮನಿದ್ದರು. ಒಂದು ಕಾಲಕ್ಕೆ ಡೀಸೆಲ್ ಪಂಪ್‌ಸೆಟ್ ರಿಪೇರಿ ಮಾಡಿ ಸಂಸಾರ ಸಾಗಿಸಿದವರು. ಸಿದ್ಧಗಂಗೆಯ ಜಾತ್ರೆಯಲ್ಲಿ ದನ ಕೊಳ್ಳುವವರು ಅವರನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಐದನೆಯ ದಿನ ಬಾಯಿಬಿಟ್ಟರು. "ಹೊಸ ಎತ್ತು ತಂದ್ರೆ ಪಳಗಿಸಬೇಕು. ಹಳೇ ಎತ್ತಾದ್ರೆ ಹಲ್ಲು ನೋಡ್ಬೇಕು. ಎರಡೂ ಗೊತ್ತಿಲ್ಲದೋನು ಜಾತ್ರೆಗೆ ಹೋಗ್ಬಾರ್ದು. ನಡೀರಿ, ನೋಡ್ಕೊಂಡು ಬರೋಣ."

ತಾತನ ಮಾತು ಈ ಪುಟ್ಟ ಎಂಜಿನ್ನಿಗೂ ಒಪ್ಪುತ್ತದೆ. ಹೊಸದನ್ನು ತಂದೊಡನೆ ಗಾಳಿಯ ವೇಗದಲ್ಲಿ ಓಡಿಸುವಂತಿಲ್ಲ. ಮೊದಲ ಕೆಲವು ಟ್ಯಾಂಕ್ ಇಂಧನವನ್ನು ಧಾರಾಳವಾಗಿ ಹರಿಸಿ, ಮೆಲ್ಲಗೆ ಓಡಿಸಿ, ಆರಲು ಬಿಟ್ಟು, ಮತ್ತೆ ಓಡಿಸಿ ಪಳಗಿಸಬೇಕು. ಇದರಲ್ಲಿ ಎಂಜಿನ್ ಎಣ್ಣೆಗೆ ಬೇರೆ ಕೋಣೆಯಿಲ್ಲ. ಎಣ್ಣೆ ಇಂಧನದಲ್ಲೇ ಬೆರೆತು ಬರುತ್ತದೆ. ವೇಗದ ಆಸೆಗೆ ಸೂಜಿ ತಿರುಗಿಸಿ ಇಂಧನ ಕಡಿಮೆ ಮಾಡಿದರೆ ಬಿಸಿ ಏರುತ್ತದೆ, ಎಣ್ಣೆಯೂ ಇಳಿಯುತ್ತದೆ. ಒಂದೇ ತಪ್ಪಿಗೆ ಎರಡು ಪೆಟ್ಟು. ಹೊಸ ಎಂಜಿನ್ನು ಮೊದಲ ದಿನವೇ ಹಾಳಾಗುವುದು ಹೀಗೆ.

ಭಾನುವಾರ ಮೂರು ತಲೆಮಾರು ಬೆಂಗಳೂರಿಗೆ ಹೊರಟಿತು. ಮಾರುವ ಯುವಕ ವಿನಯವಂತ. "ಬಹಳ ಕಡಿಮೆ ಓಡಿದೆ ಸಾರ್. ಎರಡು ವರ್ಷದಿಂದ ಶೆಲ್ಫಿನ ಮೇಲೇ ಇದೆ" ಎಂದ. ಅಪ್ಪನ ಮುಖ ಅರಳಿತು. ತಾತನ ಹುಬ್ಬು ಗಂಟಿಕ್ಕಿತು. "ನಿಲ್ಸೋವಾಗ ಎಣ್ಣೆ ಬಿಟ್ಟು ನಿಲ್ಸಿದ್ಯಾ ಮಗ?" ಎಂದು ಕೇಳಿದರು. ಯುವಕ ತಲೆ ಕೆರೆದುಕೊಂಡ. ಬಿಟ್ಟಿರಲಿಲ್ಲ.

ಹುಡುಗ ತಂದಿದ್ದ ಸ್ಪ್ಯಾನರಿನಿಂದ ಗ್ಲೋ ಪ್ಲಗ್ ಬಿಚ್ಚಿದ. ಅದರೊಳಗೆ ಪ್ಲಾಟಿನಂ ಬೆರೆತ ತಂತಿಯ ಸಣ್ಣ ಸುರುಳಿ. ಉರಿಯುವ ಅನಿಲದಲ್ಲಿ ಪ್ಲಾಟಿನಂ ತಂತಿ ಜ್ವಾಲೆಯಿಲ್ಲದೆಯೇ ಕೆಂಪಗೆ ಹೊಳೆಯುವುದನ್ನು ಹಂಫ್ರಿ ಡೇವಿ 1817ರಲ್ಲಿ ತೋರಿಸಿದ್ದರು. ಅದೇ ಗುಣ ಹಿಡಿದು ಅಮೆರಿಕದ ರೇ ಆರ್ಡೆನ್ 1947ರಲ್ಲಿ ಮಾದರಿ ಎಂಜಿನ್ನುಗಳಿಗೆ ಗ್ಲೋ ಪ್ಲಗ್ ತಂದರು. ಒಮ್ಮೆ ಬ್ಯಾಟರಿಯಿಂದ ಕಾಯಿಸಿ ಎಂಜಿನ್ ಹೊರಡಿಸಿದರೆ ಸಾಕು. ಆಮೇಲೆ ಇಂಧನದಲ್ಲಿರುವ ಮೆಥನಾಲ್ ತಂತಿಯನ್ನು ಕೆಂಡವಾಗಿಯೇ ಇಡುತ್ತದೆ.

ಪ್ಲಗ್ ತೆಗೆದ ಮೇಲೆ ಹುಡುಗ ಫ್ಲೈವೀಲನ್ನು ಬೆರಳಿನಿಂದ ತಿರುಗಿಸಿದ. ಪಿಸ್ಟನ್ ಮೇಲಕ್ಕೆ ಬಂದಾಗ ಬಿಗಿಯಾಗಿ ಹಿಡಿಯಿತು. ಇದೇ ಈ ಎತ್ತಿನ ಹಲ್ಲು. ಇದರ ಹಿತ್ತಾಳೆ ಸ್ಲೀವ್ ತಣ್ಣಗಿದ್ದಾಗ ಮೇಲ್ಗಡೆ ತುಸು ಕಿರಿದು. ಕಾದಾಗ ಹಿತ್ತಾಳೆ ಹಿಗ್ಗಿ, ಅಲ್ಯೂಮಿನಿಯಂ ಪಿಸ್ಟನ್‌ಗೆ ಸರಿಯಾಗಿ ಕೂಡುತ್ತದೆ. ತಣ್ಣಗಿರುವಾಗಲೇ ಸಲೀಸಾಗಿ ತಿರುಗಿದರೆ ಒಳಗೆ ಸವೆದಿದೆ ಎಂದರ್ಥ. ಹೊಸ ಪಿಸ್ಟನ್-ಸ್ಲೀವ್ ಜೋಡಿಯ ಬೆಲೆ ಎಂಜಿನ್ನಿನ ಬೆಲೆಯ ಬಹುಪಾಲಾಗುತ್ತದೆ.

ಆದರೆ ತಿರುಗಿಸುವಾಗ ಮರಳು ಅರೆದಂತೆ ಕರಕರ ಸದ್ದು. ತಾತ ಕಿವಿಗೊಟ್ಟು, "ಬೇರಿಂಗು" ಎಂದರು. ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಉರಿದು ಉಳಿದ ಅಂಶದಲ್ಲಿ ಆಮ್ಲವೂ ಇರುತ್ತದೆ. ಕೊನೆಯ ಓಟದ ಮೇಲೆ ಟ್ಯಾಂಕ್ ಬರಿದುಮಾಡಿ, ಎರಡು ಹನಿ ಎಣ್ಣೆ ಬಿಡದೆ ಎತ್ತಿಟ್ಟರೆ ಉಕ್ಕಿನ ಬೇರಿಂಗು ತುಕ್ಕು ಹಿಡಿಯುತ್ತದೆ. 'ಕಡಿಮೆ ಓಡಿದೆ' ಎಂಬುದು ಗುಣವೆಂದು ತಿಳಿದದ್ದೇ ಇಲ್ಲಿ ರೋಗವಾಗಿತ್ತು.

ಉಳಿದ ಪರೀಕ್ಷೆಯೂ ನಡೆಯಿತು. ಸ್ಕ್ರೂಗಳ ತಲೆ ತಿಂದುಹೋಗಿರಲಿಲ್ಲ; ಬಿಚ್ಚಿದವನ ಕೈ ಒರಟಲ್ಲ. ಏರ್ ಫಿಲ್ಟರ್ ಮಾತ್ರ ಕೊಳಕು. ಎಂಜಿನ್ ಹೊರಡಿಸದೆಯೇ ರೇಡಿಯೊ ಹಾಕಿ, ಥ್ರಾಟಲ್ ಒತ್ತಿ ಹಿಡಿದು, ಕೈಯಲ್ಲಿದ್ದ ಟ್ರಾನ್ಸ್‌ಮಿಟರ್ ಆರಿಸಿದಾಗ ಕಾರ್ಬ್ಯುರೇಟರ್ ತಾನಾಗಿ ಮುಚ್ಚಿಕೊಂಡಿತು. ತಂದೆತಾಯಂದಿರು ಇದೊಂದನ್ನು ನೋಡದೆ ಯಾವ ಗಾಡಿಯನ್ನೂ ಕೊಡಿಸಬಾರದು. ಮೂರು ಕಿಲೊ ಮೀರಿದ ಗಾಡಿ ಗಂಟೆಗೆ 60 ಕಿಲೊಮೀಟರ್ ವೇಗದಲ್ಲಿ ಹತೋಟಿ ತಪ್ಪಿ ಬಡಿದರೆ, ಅದೇ ತೂಕ 14 ಮೀಟರ್ ಎತ್ತರದಿಂದ ಬಿದ್ದ ಹಾಗೆ. ಬೇಕಾದರೆ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ.

ಹುಡುಗ ಕೊನೆಗೆ, "ಇದಕ್ಕೆ ಬಿಡಿಭಾಗ ಸಿಗ್ತಾವಾ?" ಎಂದು ಕೇಳಿದ. ಸಿಗುತ್ತಿದ್ದವು. ಸಿಗದಿದ್ದರೆ ಬಿಟ್ಟಿ ಕೊಟ್ಟರೂ ಬೇಡವೆನ್ನುವುದೇ ಜಾಣತನ.

ಯುವಕ ಸಣ್ಣ ಮುಖ ಮಾಡಿಕೊಂಡು, "ನನಗೆ ಗೊತ್ತಿರಲಿಲ್ಲ ತಾತ" ಎಂದ. ತಾತ ಬೈಯಲಿಲ್ಲ. 11,500ಕ್ಕೆ ಮಾತು ಮುಗಿಯಿತು.

ರಿಪೇರಿ ನಡೆದದ್ದು ಕಾಲೇಜಿನ ವರ್ಕ್‌ಶಾಪಿನಲ್ಲಿ, ಬೋಧಕರ ಎದುರಿಗೆ. ಬಿಸಿಗಾಳಿಯಿಂದ ಕಾಯಿಸಿದಾಗ ಅಲ್ಯೂಮಿನಿಯಂ ಕವಚ ಉಕ್ಕಿಗಿಂತ ಹೆಚ್ಚು ಹಿಗ್ಗಿತು. ಸುತ್ತಿಗೆಗೆ ಜಗ್ಗದ ಬೇರಿಂಗು ತಾನಾಗಿ ಕಳಚಿ ಬಿತ್ತು. ಹೊಸ ಬೇರಿಂಗು ಕುಗ್ಗಲೆಂದು ಹಿಂದಿನ ರಾತ್ರಿ ಮನೆಯ ಫ್ರಿಜ್ಜಿನಲ್ಲಿ, ಐಸ್ ತಟ್ಟೆಯ ಪಕ್ಕ ಮಲಗಿತ್ತು. "ಇನ್ನು ಪಿಸ್ಟನ್ನಿಗೆ ಹಾಲು-ತುಪ್ಪ ಬಿಡೋದೊಂದೇ ಬಾಕಿ" ಎಂದು ಅಮ್ಮ ಗೊಣಗಿದರು. ಎರಡು ಬೇರಿಂಗು, ಪ್ಲಗ್, ಫಿಲ್ಟರ್ ಸೇರಿ 1,900. ಒಟ್ಟು 13,400. ಹುಡುಗನ ದುಡಿಮೆಯಲ್ಲಿ 600 ಉಳಿಯಿತು.

ಇಂಧನವನ್ನು ಅಪ್ಪ ಕೊಡಿಸಿದರು. ಅದು ಪೆಟ್ರೋಲಿಗಿಂತ ಹಲವು ಪಟ್ಟು ದುಬಾರಿ. 125 ಸಿ.ಸಿ.ಯ ಟ್ಯಾಂಕು ಹತ್ತು ನಿಮಿಷದ ಒಳಗೆ ಬರಿದಾಗುವುದರಿಂದ ಒಂದು ಲೀಟರಿನ ಆಯುಷ್ಯ ಗಂಟೆಯ ಮೇಲೆ ಸ್ವಲ್ಪ. ಒಂದು ಕಿಲೊ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು, ಮೆಥನಾಲಿಗೆ 6.5, ತನ್ನಲ್ಲೇ ಆಮ್ಲಜನಕವಿರುವ ನೈಟ್ರೊಮೀಥೇನಿಗೆ 1.7 ಸಾಕು. ಅಷ್ಟೇ ಗಾಳಿಯಲ್ಲಿ ಹೆಚ್ಚು ಇಂಧನ ಉರಿಯುವುದರಿಂದಲೇ ಬೆರಳಗಲದ ಎಂಜಿನ್ನಿಗೆ ಆ ಆರ್ಭಟ. ಗಾಡಿ ಹೊಸದಿರಲಿ ಹಳೆಯದಿರಲಿ, ಈ ಖರ್ಚು ತಪ್ಪದು. ಎಚ್ಚರವೂ ತಪ್ಪಬಾರದು. ಮೆಥನಾಲ್ ವಿಷ, ಹತ್ತು ಮಿಲಿಲೀಟರ್ ಹೊಟ್ಟೆ ಸೇರಿದರೂ ಕಣ್ಣು ಹೋಗಬಹುದು. ಹಗಲಿನಲ್ಲಿ ಅದರ ಜ್ವಾಲೆ ಕಾಣುವುದೇ ಕಷ್ಟ. ಆ ಡಬ್ಬ ಮನೆಯ ಹೊರಗಿನ ಬೀಗದ ಪೆಟ್ಟಿಗೆಯಲ್ಲಿ ಕೂತಿತು. ಬೀಗದ ಕೈ ಅಪ್ಪನ ಜೇಬು ಸೇರಿತು.

ಮೈದಾನದಲ್ಲಿ ಎಂಜಿನ್ ಮೂರನೆಯ ಯತ್ನಕ್ಕೆ ಹೊತ್ತಿಕೊಂಡಿತು. ನಾಲ್ಕು ಸುತ್ತಿನ ನಂತರ ಗಾಡಿ ನಿಲ್ಲಿಸಿ ಹುಡುಗ ಎಂಜಿನ್ ತಲೆಯ ಮೇಲೆ ಒಂದು ಹನಿ ನೀರು ಬಿಟ್ಟ. ಚುರ್ರೆಂದು ಕುದಿದು ಮೂರ್ನಾಲ್ಕು ಸೆಕೆಂಡಿನಲ್ಲಿ ಆರಿತು. ತಾಪ ನೂರು ದಾಟಿದೆ, ಆದರೆ ಅತಿಯಾಗಿಲ್ಲ. ತಾತ ತಲೆಯಾಡಿಸಿದರು.

ಆ ಸಂಜೆ ಅಪ್ಪನ ಕಣ್ಣಿಗೆ ಮೇಜಿನ ಮೇಲಿದ್ದ ಹೊಸ ನೋಟ್ ಪುಸ್ತಕ ಬಿತ್ತು. ಯಾವ ದಿನ ಎಷ್ಟು ಟ್ಯಾಂಕ್, ಸೂಜಿ ಎಷ್ಟು ಸುತ್ತು, ಯಾವ ಬೇರಿಂಗು ಏಕೆ ಬದಲಾಯಿತು, ಎಲ್ಲವನ್ನೂ ಬರೆಯಲು ಗೆರೆ ಎಳೆದಿತ್ತು. ಮೊದಲ ಪುಟದಲ್ಲಿ ಮಗನ ಅಕ್ಷರದಲ್ಲಿ, 'ನನ್ನ ನಂತರ ಕೊಳ್ಳುವವರಿಗೆ' ಎಂದಿತ್ತು.

ಅವರು ಬಹಳ ಹೊತ್ತು ಆ ಪುಟವನ್ನೇ ನೋಡುತ್ತ ಕೂತರು. ಅರ್ಧ ಬೆಲೆಯ ಆ ಹಳೆಯ ಪಠ್ಯಪುಸ್ತಕಗಳ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಬರೆದಿಟ್ಟ ಟಿಪ್ಪಣಿಗಳು ನೆನಪಾದವು. ಕಷ್ಟದ ಲೆಕ್ಕದ ಪಕ್ಕ ಒಂದು ಸುಲಭದ ದಾರಿ. ಪರೀಕ್ಷೆಗೆ ಮುಖ್ಯ ಎಂಬಲ್ಲಿ ಒಂದು ಗುರುತು. ಹೆಸರು ಗೊತ್ತಿಲ್ಲದ ಆ ಹುಡುಗನ ಕೈಬರಹ ಹಿಡಿದೇ ಅವರು ಎಸ್ಸೆಸ್ಸೆಲ್ಸಿ ಗಣಿತ ದಾಟಿದ್ದು. ಹೊಸ ಪುಸ್ತಕದಲ್ಲಿ ಅದು ಎಲ್ಲಿಂದ ಸಿಗಬೇಕಿತ್ತು?

ಮರುದಿನ ಬೆಳಿಗ್ಗೆ ಅವರು ಬ್ಯಾಂಕಿಗೆ ಹೋಗುವ ಮುಂಚೆ ಗಾರೆ ಮೇಸ್ತ್ರಿಯ ಮನೆಗೆ ಹೋಗಿಬಂದರು. ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿತ್ತು.