ಖಾಲಿ ಕ್ಲಾಸು, 14 ಮಾತ್ರೆ

ಇದು ಸ್ವಲ್ಪ ಟೆಕ್ನಿಕಲ್ ಬರಹ. ಆದರೆ ಛಂದಸ್ಸು ಗೊತ್ತಿರುವವರು ಓಡಿಹೋಗಬೇಡಿ, ನಿಮಗೂ ಪಾಲಿದೆ.

ಜಾವಾ ಬರೆಯುವ ಗೆಳೆಯರಿಗೆ ಒಂದು ಪ್ರಶ್ನೆ. ‘ಕಂಪ್ಯಾರೇಟರ್’ ಇಂಟರ್‌ಫೇಸನ್ನು ಎಷ್ಟೋ ಸಲ ಬಳಸಿರುತ್ತೀರಿ. ಅದರಲ್ಲಿ ‘ಕಂಪೇರ್’ ಜೊತೆಗೆ ‘ಈಕ್ವಲ್ಸ್’ ಅಂತ ಇನ್ನೊಂದು ಮೆಥಡ್ಡೂ ಇದೆ. ಅದನ್ನು ಯಾವತ್ತಾದರೂ ಬರೆದಿದ್ದೀರಾ? ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ, ಆದರೂ ಕಂಪೈಲರ್ ತಕರಾರು ಎತ್ತುವುದಿಲ್ಲ. ಎಲ್ಲ ಕ್ಲಾಸುಗಳ ಮೂಲಪುರುಷ ‘ಆಬ್ಜೆಕ್ಟ್’ ಅದನ್ನು ಆಗಲೇ ಬರೆದಿಟ್ಟಿದ್ದಾನಲ್ಲ!

ಇಂಟರ್‌ಫೇಸ್ ಅಂದರೆ ಒಂದು ಕರಾರುಪತ್ರ, ಇಂತಿಂಥ ಕೆಲಸ ಮಾಡಿಕೊಡುತ್ತೇನೆ ಅಂತ. ಆ ಕೆಲಸವನ್ನು ಮಗನೇ ಮಾಡಬೇಕೆಂದಿಲ್ಲ. ಅಪ್ಪನಿಂದ ಬಂದ ಮೆಥಡ್ಡಿನ ಹೆಸರು, ಆರ್ಗ್ಯುಮೆಂಟು, ರಿಟರ್ನ್ ಟೈಪು ಹೊಂದಿಕೊಂಡು, ಅದು ಪಬ್ಲಿಕ್ ಆಗಿದ್ದರೆ ಸಾಕು. ಅಪ್ಪನಿಗೆ ಹಾಗೊಂದು ಕರಾರು ಇದೆ ಅಂತಲೇ ಗೊತ್ತಿರಬೇಕಿಲ್ಲ. ಬೇರೆಯವರು ಯಾವಾಗಲೋ ಬರೆದ ಕ್ಲಾಸನ್ನು ನಮ್ಮ ಹೊಸ ಇಂಟರ್‌ಫೇಸಿಗೆ ಒಗ್ಗಿಸಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ನಮ್ಮ ದೊಡ್ಡಪ್ಪ ರಿಟೈರಾದ ಕನ್ನಡ ಮೇಷ್ಟ್ರು. ಮನೆ ಚಾಮರಾಜಪೇಟೆ, ಸಾಹಿತ್ಯ ಪರಿಷತ್ತಿಗೆ ನಡೆದೇ ಹೋಗುವಷ್ಟು ಹತ್ತಿರ. ಇವತ್ತಿಗೂ ಭಾಮಿನಿ ಷಟ್ಪದಿ ಬರೆಯುತ್ತಾರೆ. ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು ತಾತನಿಗೋಸ್ಕರ ಮಾತ್ರೆ ಎಣಿಸುವ ಪ್ರೋಗ್ರಾಮ್ ಶುರು ಮಾಡಿದಳು. ಜಾವಾದ ಕೀವರ್ಡುಗಳು ಇಂಗ್ಲಿಷಿನವೇ ಆದರೂ ಕ್ಲಾಸು, ಮೆಥಡ್ಡುಗಳಿಗೆ ಕನ್ನಡದ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಅವಳು ಹಾಗೇ ಇಟ್ಟಿದ್ದಳು. ‘ಅಳತೆ’ ಅನ್ನುವ ಇಂಟರ್‌ಫೇಸು, ಅದರಲ್ಲಿ ‘ಉದ್ದ’ ಅನ್ನುವ ಒಂದೇ ಮೆಥಡ್ಡು, ಅರ್ಥ ಎಷ್ಟು ಮಾತ್ರೆ ಅಂತ. ಕಾಲೇಜಿನ ಸೀನಿಯರ್ ಒಬ್ಬನ ‘ಪಠ್ಯ’ ಕ್ಲಾಸಿನಿಂದ ‘ಪದ’ ಅಂತ ಒಂದು ಕ್ಲಾಸು ಮಾಡಿ, ‘ಅಳತೆ’ಯನ್ನು ಇಂಪ್ಲಿಮೆಂಟ್ ಮಾಡುತ್ತೆ ಅಂತ ಬರೆದಳು. ಒಳಗೆ ಇನ್ನೂ ಏನೂ ಬರೆದಿರಲಿಲ್ಲ, ಕಂಪೈಲ್ ಆಗೇಹೋಯ್ತು.

ಯಾಕೆಂದರೆ ‘ಪಠ್ಯ’ದಲ್ಲೂ ಒಂದು ‘ಉದ್ದ’ ಇತ್ತು. ಅದು ಎಣಿಸುತ್ತಿದ್ದದ್ದು ಯೂನಿಕೋಡ್ ಸಂಕೇತಗಳನ್ನು.

ಮಲ್ಲೇಶ್ವರ ಪದವನ್ನೇ ನೋಡಿ. ಅಕ್ಷರ 4. ಮಾತ್ರೆ 6: ಒತ್ತಕ್ಷರದ ಹಿಂದಿನ ‘ಮ’ ಗುರು, ‘ಲ್ಲೇ’ ಗುರು, ಉಳಿದೆರಡು ಲಘು. ಯೂನಿಕೋಡಿನಲ್ಲಿ ಮಾತ್ರ 9, ಎರಡು ವಿರಾಮ ಚಿಹ್ನೆ, ಒಂದು ಸ್ವರಚಿಹ್ನೆ ಎಲ್ಲ ಸೇರಿ. ಬಸವನಗುಡಿಗೆ ಮಾತ್ರೆ 6, ಸಂಕೇತ 8. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಪ್ರೋಗ್ರಾಮು ದೊಡ್ಡಪ್ಪನ ಒಂದು ಸಾಲಿಗೆ 22 ಅಂತು. ಅವರು ಬೆರಳು ಮಡಚಿ ಎರಡೆರಡು ಸಲ ಎಣಿಸಿದರು. “ನನ್ನ ಕಿವಿಯೇ ಕೆಟ್ಟಿತೇನೋ, ಇನ್ನು ಬರೆಯೋದು ಬಿಡಬೇಕು” ಅಂದುಬಿಟ್ಟರಂತೆ. ಹುಡುಗಿ ಗಾಬರಿಯಾಗಿ ನನಗೆ ಫೋನು ಮಾಡಿದಳು. “ಚಿಕ್ಕಪ್ಪಾ, ಎರರ್ರೇ ಇಲ್ಲ, ಆದ್ರೆ ಲೆಕ್ಕ ತಪ್ಪು!”

‘ಪದ’ದಲ್ಲಿ ‘ಉದ್ದ’ವನ್ನು ಓವರ್‌ರೈಡ್ ಮಾಡಿದರೆ ಆಯ್ತಲ್ಲ ಅಂತೀರಾ? ನಾನು ಹೋಗುವಷ್ಟರಲ್ಲಿ ಅವಳು ಅದನ್ನೂ ಮಾಡಿದ್ದಳು. ಮಾತ್ರೆ ಸರಿಹೋಯ್ತು, ಅಪ್ಪನ ಮನೆ ಕೆಟ್ಟಿತು! ‘ಪಠ್ಯ’ದಲ್ಲಿ ಕೊನೆಯ ಸಂಕೇತ ಅಳಿಸುವ ಮೆಥಡ್ಡೊಂದಿತ್ತು, ಅದು ತನ್ನದೇ ‘ಉದ್ದ’ ಕೇಳಿ ಅದರಲ್ಲಿ ಒಂದು ಕಳೆದು ಕತ್ತರಿಸುತ್ತಿತ್ತು. ಈಗ ಅದಕ್ಕೆ ಸಿಗುವುದು ಮಗನ ‘ಉದ್ದ’. 9 ಸಂಕೇತದ ಮಲ್ಲೇಶ್ವರ 6 ಅಂದುಕೊಂಡು 5ಕ್ಕೆ ಕತ್ತರಿಸಿತು. ‘ಮಲ್ಲೇಶ್ವ’ ಉಳಿಯಬೇಕಾದ ಕಡೆ ‘ಮಲ್ಲೇ’ ಉಳಿಯಿತು :)

ಸಿ ಶಾರ್ಪ್‌ನಲ್ಲಾಗಿದ್ದರೆ ಇಂಟರ್‌ಫೇಸಿನ ಹೆಸರನ್ನು ಮುಂದಿಟ್ಟು ಕರಾರಿನ ‘ಉದ್ದ’ವನ್ನೇ ಬೇರೆಯಾಗಿ ಬರೆಯಬಹುದು, ಅಪ್ಪನದು ಅಪ್ಪನಿಗೇ ಇರುತ್ತೆ. ಜಾವಾದಲ್ಲಿ ಆ ಸೌಕರ್ಯವಿಲ್ಲ. 2014ರಲ್ಲಿ ಜಾವಾ 8 ಬಂದ ಮೇಲೆ ಇಂಟರ್‌ಫೇಸಿನೊಳಗೇ ಡಿಫಾಲ್ಟ್ ಮೆಥಡ್ ಬರೆಯಬಹುದಾದರೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಡಿಫಾಲ್ಟಿಗೂ ಅಪ್ಪನ ಮೆಥಡ್ಡಿಗೂ ಪೈಪೋಟಿ ಬಿದ್ದರೆ ಗೆಲ್ಲುವುದು ಅಪ್ಪನದೇ. ‘ಪಠ್ಯ’ದಿಂದ ಹುಟ್ಟಿಸುವ ಬದಲು ‘ಪದ’ದೊಳಗೆ ಒಂದು ‘ಪಠ್ಯ’ ಇಟ್ಟುಕೊಳ್ಳುವುದು ಹೆಚ್ಚು ಶುದ್ಧವಾದ ದಾರಿ, ಆದರೆ ಅದಕ್ಕೆ ಬರವಣಿಗೆ ಜಾಸ್ತಿ.

ನಾವು ಓವರ್‌ರೈಡ್ ತೆಗೆದು, ಕರಾರಿನಲ್ಲಿ ‘ಉದ್ದ’ ಹೊಡೆದು ‘ಮಾತ್ರಾಸಂಖ್ಯೆ’ ಅಂತ ಬರೆದೆವು. ತಕ್ಷಣ ಕಂಪೈಲರ್ ಕೂಗಿತು, ‘ಪದ’ದಲ್ಲಿ ಇದು ಇಲ್ಲ ಅಂತ. ಮೊದಲ ದಿನವೇ ಕೂಗಬೇಕಿತ್ತು ಅದು. ಆಮೇಲೆ ಗುರು-ಲಘು ಲೆಕ್ಕ ಬರೆಯಲು ಅವಳಿಗೆ ಒಂದು ಸಂಜೆ ಸಾಕಾಯ್ತು. ದೊಡ್ಡಪ್ಪನ ಸಾಲಿಗೆ ಸರಿಯಾಗಿ 14 ಬಂತು.

ಅವರು ಕನ್ನಡಕ ಏರಿಸಿಕೊಂಡು ನೋಡಿ, “ಸರಿ ಕಣಮ್ಮ, ಹಳಗನ್ನಡದಲ್ಲಿ ಶಿಥಿಲದ್ವಿತ್ವ ಬರುತ್ತಲ್ಲ, ಒತ್ತಿದ್ದರೂ ಹಿಂದಿನ ಅಕ್ಷರ ಲಘುವಾಗೇ ಉಳಿಯುತ್ತೆ. ಅದನ್ನ ನಿನ್ನ ಮಿಷನ್ನು ಹೇಗೆ ಗುರುತಿಸುತ್ತೆ?” ಅಂದರು. ಅದಕ್ಕೆ ಪದಗಳ ಪಟ್ಟಿಯೇ ಬೇಕಾಗುತ್ತೇನೋ. ಹಳಗನ್ನಡ ಬಲ್ಲವರು ಯಾರಾದರೂ ಇದ್ದರೆ ತಿಳಿಸಿ, ಅವಳು ಕಾಯ್ತಿದಾಳೆ.